ನೇತ್ರ: ಎರಡು ಬದಿಯ ನೋಟ

ನೆಲದ ಮೇಲಿನ ರೇಡಾರ್ ಎಷ್ಟೇ ಪ್ರಬಲವಾಗಿದ್ದರೂ ಅದರ ಅಲೆಗಳು ಹೆಚ್ಚುಕಡಿಮೆ ನೇರವಾಗಿಯೇ ಸಾಗುವುದರಿಂದ, ಭೂಮಿಯ ಬಾಗಿನ ಮರೆಯಲ್ಲಿ ತಗ್ಗಾಗಿ ಹಾರಿಬರುವ ವಿಮಾನವು ಬಹಳ ಹತ್ತಿರ ಬರುವ ತನಕ ಅದಕ್ಕೆ ಕಾಣುವುದಿಲ್ಲ. ಅದೇ ರೇಡಾರನ್ನು 9 ಕಿಲೋಮೀಟರ್ ಎತ್ತರಕ್ಕೆ ಒಯ್ದರೆ ಅದರ ದಿಗಂತ ಸುಮಾರು 390 ಕಿಲೋಮೀಟರಿನಷ್ಟು ದೂರ ಸರಿಯುತ್ತದೆ. ಶತ್ರುವನ್ನು ದೂರದಿಂದಲೇ ಗುರುತಿಸಿ, ತನ್ನ ಪಕ್ಷದ ಯುದ್ಧವಿಮಾನಗಳಿಗೆ ದಾರಿ ತೋರಿಸುವ ವಾಯುಗಾಮಿ ಮುನ್ನೆಚ್ಚರಿಕೆ ಮತ್ತು ನಿಯಂತ್ರಣ ವಿಮಾನದ ಹಿಂದಿರುವ ತರ್ಕ ಇದೇ.

ಭಾರತದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ಕ್ಯಾಬ್ಸ್ ರೂಪಿಸಿದ ಇಂಥದೇ ವಿಮಾನ 'ನೇತ್ರ'ವನ್ನು ಅದಕ್ಕೂ ಹಿಂದಿನ ಪ್ರಯತ್ನದ ಜೊತೆಗಿಟ್ಟೇ ತೂಗಬೇಕು. ಆವ್ರೊ ವಿಮಾನದ ಬೆನ್ನ ಮೇಲೆ ತಟ್ಟೆಯಾಕಾರದ ರೇಡಾರ್ ಗುಮ್ಮಟವನ್ನು ಕೂರಿಸಿದ್ದ ಪರೀಕ್ಷಾ ವಿಮಾನವು 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ಬಳಿ ಪತನಗೊಂಡು, ವಿಜ್ಞಾನಿಗಳೂ ವಾಯುಪಡೆಯವರೂ ಸೇರಿ 8 ಮಂದಿ ಪ್ರಾಣ ಕಳೆದುಕೊಂಡರು. ಯೋಜನೆಯೂ ಅಲ್ಲಿಗೇ ನಿಂತಿತು. ನಷ್ಟವಾದದ್ದು ವಿಮಾನವಷ್ಟೇ ಅಲ್ಲ, ವರ್ಷಗಳ ಅನುಭವವನ್ನು ಹೊತ್ತಿದ್ದ ಮನುಷ್ಯರು.

ನೇತ್ರದಲ್ಲಿ ಗುಮ್ಮಟವಿಲ್ಲ. ಬ್ರೆಜಿಲ್‌ನ ಎಂಬ್ರೇಯರ್ 145 ವಿಮಾನದ ಬೆನ್ನಿಗೆ ಉದ್ದನೆಯ ತೊಲೆಯಂತಹ ಆಂಟೆನಾವನ್ನು ಕೂರಿಸಿ, ನೂರಾರು ಸಣ್ಣ ಪ್ರಸಾರಕ-ಗ್ರಾಹಕ ಘಟಕಗಳ ನೆರವಿನಿಂದ, ಯಾವ ಭಾಗವೂ ತಿರುಗದಂತೆ, ವಿದ್ಯುನ್ಮಾನದಿಂದಲೇ ಅಲೆಯ ದಿಕ್ಕನ್ನು ಬದಲಿಸಲಾಗುತ್ತದೆ. ಒಂದೊಂದು ಬದಿಗೆ 120 ಡಿಗ್ರಿಯಂತೆ ಒಟ್ಟು 240 ಡಿಗ್ರಿಯ ನೋಟ ಸಿಗುತ್ತದೆ. ಮೂತಿಯ ಕಡೆಯೂ ಬಾಲದ ಕಡೆಯೂ ಕುರುಡು ಉಳಿಯುತ್ತದೆ. ರಷ್ಯಾದ ದೊಡ್ಡ ವಿಮಾನದ ಮೇಲೆ ಇಸ್ರೇಲಿನ ರೇಡಾರ್ ಹೊತ್ತಿರುವ ಫಾಲ್ಕನ್ ಸುತ್ತಲೂ ನೋಡಬಲ್ಲದೆಂಬ ಕಾರಣಕ್ಕೆ ಇದನ್ನು ದೋಷವೆಂದು ತಳ್ಳಿಹಾಕುವುದು ಅವಸರದ ತೀರ್ಪಾದೀತು. ಗಡಿಗೆ ಸಮಾನಾಂತರವಾಗಿ ಹೋಗಿಬರುವ ಕಾವಲು ವಿಮಾನವು ಶತ್ರುವಿನತ್ತ ಒಡ್ಡುವುದು ತನ್ನ ಪಕ್ಕೆಯನ್ನೇ ಆದ್ದರಿಂದ, ಸಣ್ಣ ವಿಮಾನಕ್ಕೆ ಹೊರಲಾಗುವ ಭಾರದೊಳಗೆ ಮಾಡಿದ ಈ ಆಯ್ಕೆ ವಿವೇಕದ್ದೇ. ಆದರೆ ಪ್ರತಿ ತಿರುವಿನಲ್ಲಿಯೂ ನೋಟವು ಕೆಲಕಾಲ ಕಡಿಯುತ್ತದೆಂಬುದನ್ನು ಮರೆಯಲಾಗದು.

ನಿಜವಾದ ಕೊರತೆ ಇರುವುದು ಸಂಖ್ಯೆಯಲ್ಲಿ. ಈ ಯೋಜನೆಗೆ ಕೊಂಡದ್ದು ಮೂರೇ ವಿಮಾನ. ಮೊದಲನೆಯದು ವಾಯುಪಡೆಗೆ ಹಸ್ತಾಂತರವಾದದ್ದು 2017ರಲ್ಲಿ, ಬೆಂಗಳೂರಿನ ಏರೋ ಇಂಡಿಯಾದಲ್ಲಿ. ಆಕಾಶದಲ್ಲೇ ಇಂಧನ ತುಂಬಿಸಿಕೊಂಡರೂ ಸುಮಾರು 9 ಗಂಟೆ ಹಾರಬಲ್ಲ ವಿಮಾನಗಳಿಂದ, ದುರಸ್ತಿ ಮತ್ತು ತರಬೇತಿಯ ಕಾಲವನ್ನು ಕಳೆದ ಮೇಲೆ, ಪಶ್ಚಿಮದ ಗಡಿಯೊಂದನ್ನೇ ಹಗಲಿರುಳು ಎಡೆಬಿಡದೆ ಕಾಯುವುದು ಆಗದ ಮಾತು. 2019ರ ಬಾಲಾಕೋಟ್ ಕಾರ್ಯಾಚರಣೆಯಲ್ಲಿ ತನ್ನ ಉಪಯುಕ್ತತೆಯನ್ನು ತೋರಿದ ವ್ಯವಸ್ಥೆಯನ್ನು ಆಗಲೇ ಹೆಚ್ಚು ಸಂಖ್ಯೆಯಲ್ಲಿ ಕಟ್ಟದೆ ಹೋದದ್ದು ಪ್ರಯೋಗಾಲಯದ ಸೋಲಲ್ಲ, ಖರೀದಿಯನ್ನು ನಿರ್ಧರಿಸುವವರ ಹಿಂಜರಿಕೆ. ಏರ್ ಇಂಡಿಯಾದ ಏರ್‌ಬಸ್ 321 ವಿಮಾನಗಳ ಮೇಲೆ ಮುಂದಿನ ಪೀಳಿಗೆಯನ್ನು ಕಟ್ಟುವ ಯೋಜನೆಯು ಹೆಚ್ಚು ಜಾಗವನ್ನೂ ವಿದ್ಯುಚ್ಛಕ್ತಿಯನ್ನೂ ಒದಗಿಸಬಲ್ಲದು; ಹಳೆಯ ಪ್ರಯಾಣಿಕ ವಿಮಾನಗಳನ್ನು ಬಿಚ್ಚಿ ಮರುರೂಪಿಸುವ ಕೆಲಸಕ್ಕೆ ಮತ್ತೆ ವರ್ಷಗಳೇ ಹಿಡಿಯುವುದರಿಂದ, ಅಲ್ಲಿಯವರೆಗೆ ಈಗಿನ ಮಾದರಿಯನ್ನೇ ಇನ್ನಷ್ಟು ಕಟ್ಟಿಸುವುದು ಅಗತ್ಯ.