ಹೆಳವರ ಹೊತ್ತಿಗೆಗಳ ಪ್ರಾಮಾಣ್ಯವಿಚಾರ

ಪುರಾಣದ ಐದು ಲಕ್ಷಣಗಳಲ್ಲಿ ವಂಶವೂ ವಂಶಾನುಚರಿತವೂ ಸೇರಿರುವುವೆಂಬುದು ವಿದ್ವಾಂಸರಿಗೆ ಹೊಸದಾಗಿ ಹೇಳತಕ್ಕ ಸಂಗತಿಯಲ್ಲ. ಸೂರ್ಯಚಂದ್ರವಂಶದ ಅರಸರ ಪರಂಪರೆಯನ್ನು ಹೇಳುವುದಕ್ಕೆ ಸೂತಮಾಗಧರಿದ್ದರು. ನೇಗಿಲು ಹಿಡಿದವನ, ಕುರಿಹಿಂಡಿನ ಹಿಂದೆ ನಡೆದವನ ವಂಶಾನುಚರಿತವನ್ನು ಯಾರು ಕಾಪಾಡಿದರು? ಉತ್ತರ ಕರ್ನಾಟಕದ ಮಟ್ಟಿಗೆ ಈ ಕಾರ್ಯವನ್ನು ಮಾಡಿದವರು ಹೆಳವರು. ಸುಗ್ಗಿ ಮುಗಿದ ತರುವಾಯ ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬಂದು, ಒಕ್ಕಲಿನ ಮನೆಯ ಮುಂದೆ ನಿಂತು ಅದರ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳಿ, ಕಾಳುಕಡಿಯನ್ನೂ ಬಟ್ಟೆಯನ್ನೂ ಪಡೆದು ಹೋಗುವುದು ಅವರ ವೃತ್ತಿ. ಕಾಲಿಲ್ಲದ ಮೂಲಪುರುಷನಿಗೆ ಎತ್ತು ಗಂಟೆಗಳು ಜೀವನೋಪಾಯವಾಗಿ ದೊರೆತುವೆಂಬುದು ಆ ಕುಲದ ಐತಿಹ್ಯ; ‘ಹೆಳವ’ ಎಂಬ ಹೆಸರಿಗೆ ಕುಂಟನೆಂಬ ಅರ್ಥವಿರುವುದು ಇದಕ್ಕೆ ಹೊಂದುತ್ತದೆ.

ಬಾಯಿಪಾಠವೊಂದೇ ಆಗಿದ್ದರೆ ಇಲ್ಲಿ ವಿಚಾರಿಸಬೇಕಾದುದು ಅಷ್ಟಾಗಿ ಇರುತ್ತಿರಲಿಲ್ಲ. ಹೆಳವರಲ್ಲಿ ತಾಮ್ರಪಟ, ತಾಳೆಗರಿ, ಕಾಗದದ ಹೊತ್ತಿಗೆಗಳು ಉಂಟು. ಒಂದು ಮನೆತನದ ಬೆಡಗು, ಮನೆದೇವರು, ಮೂಲಸ್ಥಳ, ಅಲ್ಲಿಂದ ಹೊರಡಲು ಒದಗಿದ ಕಾರಣ, ನಡುವೆ ತಂಗಿದ ಊರು, ನೆಲೆನಿಂತ ಊರು, ಅಣ್ಣತಮ್ಮಂದಿರು ಕವಲೊಡೆದ ಬಗೆ, ಇವಿಷ್ಟೂ ಅವುಗಳಲ್ಲಿ ಕಾಣಬರುತ್ತವೆ. ಹೀಗಾಗಿ ಅವು ವಂಶಾವಳಿಗಳೆಂಬುದಕ್ಕಿಂತ ವಲಸೆಯ ದಾಖಲೆಗಳೆಂಬುದೇ ಹೆಚ್ಚು ಸರಿ.

ಜಮಖಂಡಿಯ ಸೀಮೆಯಲ್ಲಿ ಇವುಗಳಿಗೆ ಒಂದು ವಿಶೇಷವಾದ ಬೆಲೆಯುಂಟು. 1948ಕ್ಕಿಂತ ಮೊದಲು ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ರಬಕವಿ ಬನಹಟ್ಟಿಗಳಂತೂ ಒಂದರ ಮಗ್ಗಿನ ಸದ್ದು ಇನ್ನೊಂದಕ್ಕೆ ಕೇಳುವಷ್ಟು ಹತ್ತಿರದ ಊರುಗಳು. ಆದರೂ ರಬಕವಿ ಸಾಂಗಲಿ ಸಂಸ್ಥಾನದ ತೇರದಾಳ ತಾಲೂಕಿಗೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದುವು. ಒಂದೇ ಬೆಡಗಿನ ಒಕ್ಕಲು ಹತ್ತು ಹರದಾರಿಯೊಳಗೆ ಮೂರು ದಫ್ತರಗಳಲ್ಲಿ ಹರಿದು ಹಂಚಿಹೋಗಿತ್ತು. ಸಂಸ್ಥಾನದ ಕಾರಕೂನನಿಗೆ ಗಡಿಯಾಚೆ ಹೋದವನು ಲೆಕ್ಕದಿಂದ ಅಳಿದವನೇ ಸರಿ. ಹೆಳವನ ಪಾಲಿಗೆ ಅವನು ಅಳಿಯುವುದಿಲ್ಲ. ಹೆಳವರ ಹಕ್ಕು ಒಕ್ಕಲುಗಳ ಮೇಲೆ, ಗಡಿಗಳ ಮೇಲಲ್ಲ. ತಂದೆಯಿಂದ ಮಕ್ಕಳು ಆಸ್ತಿಯಂತೆ ಹಂಚಿಕೊಂಡ ಆ ಒಕ್ಕಲುಗಳು ಎಲ್ಲಿಗೆ ಹೋದರೂ ಹೊತ್ತಿಗೆಯು ಅವರ ಬೆನ್ನು ಹತ್ತಿ ಹೋಗುತ್ತಿದ್ದಿತು.

ಇಂತಹ ಹೊತ್ತಿಗೆಗಳ ವಿಷಯದಲ್ಲಿ ಎರಡು ಪಕ್ಷಗಳು ಪ್ರಬಲವಾಗಿವೆ. ಶಾಸನವನ್ನೇ ಪರಮಪ್ರಮಾಣವೆಂದು ತಿಳಿದ ಇತಿಹಾಸಜ್ಞರು ಇವನ್ನು ಭಿಕ್ಷುಕರ ಸ್ತುತಿಪಾಠವೆಂದು ತಳ್ಳಿಬಿಡುತ್ತಾರೆ. ಜಾತಿಯ ಚರಿತ್ರೆಯನ್ನು ಬರೆಯಹೊರಟವರು ಇವುಗಳಲ್ಲಿಯ ಪ್ರತಿಯೊಂದು ಅಕ್ಷರವನ್ನೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಈ ಎರಡು ಪಕ್ಷಗಳಿಗೂ ಒಂದೇ ದೋಷವುಂಟು: ವಾಕ್ಯಗಳನ್ನು ಅವುಗಳ ಜಾತಿಯನ್ನರಿಯದೆ ಒಂದೇ ತಕ್ಕಡಿಯಲ್ಲಿ ತೂಗುವುದು. ಮೀಮಾಂಸಕರು ಈ ತೊಡಕನ್ನು ಬಹುಹಿಂದೆಯೇ ಬಿಡಿಸಿದ್ದಾರೆ. ಅರ್ಥವಾದವಾಕ್ಯವು ಬೇರೆ ಪ್ರಮಾಣಕ್ಕೆ ವಿರುದ್ಧವಾಗಿದ್ದರೆ ಅದು ಗುಣವಾದ. ಬೇರೆ ಪ್ರಮಾಣದಿಂದ ಮೊದಲೇ ತಿಳಿದದ್ದನ್ನು ಹೇಳಿದರೆ ಅನುವಾದ. ವಿರೋಧವೂ ಇಲ್ಲದೆ ಬೇರೆ ಆಧಾರವೂ ಇಲ್ಲದಿದ್ದರೆ ಭೂತಾರ್ಥವಾದ. ಈ ವಿಭಾಗವನ್ನು ಹೆಳವರ ಹೊತ್ತಿಗೆಗಳಿಗೆ ಹಚ್ಚಿ ನೋಡಿದರೆ ಕಾಳೂ ಜೊಳ್ಳೂ ತಾವಾಗಿ ಬೇರ್ಪಡುವುವು.

ಕಲ್ಯಾಣದಲ್ಲಿ ವಿಪ್ಲವವಾದಾಗ ತಮ್ಮ ಹಿರಿಯರು ಅಲ್ಲಿಂದ ಹೊರಟು ಬಂದರೆಂದು ಹೇಳಿಕೊಳ್ಳುವ ಮನೆತನಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಅವರೆಲ್ಲರೂ ನಿಜವಾಗಿ ಅಲ್ಲಿಯೇ ವಾಸವಾಗಿದ್ದ ಪಕ್ಷದಲ್ಲಿ ಬಿಜ್ಜಳನ ಆ ಪಟ್ಟಣವು ಇಂದಿನ ಮುಂಬಯಿಯನ್ನೂ ಮೀರಿಸಬೇಕಾಗಿತ್ತು! ಇದು ಗುಣವಾದ. ಆ ಮನೆತನವು ತನ್ನನ್ನು ಯಾವ ಶ್ರದ್ಧೆಗೆ ಸೇರಿದ್ದೆಂದು ತಿಳಿದಿರುವುದೆಂಬುದನ್ನು ಆ ವಾಕ್ಯ ಹೇಳುತ್ತದೆಯೇ ಹೊರತು ಅದು ನಡೆದು ಬಂದ ದಾರಿಯನ್ನಲ್ಲ. ದೇವಾಂಗರು ದೇವಲಮಹರ್ಷಿಯಿಂದ ಹುಟ್ಟಿದರೆಂಬ ಕಥೆಯೂ ಇದೇ ಜಾತಿಯದು. ಹೊಲ, ಮಾನ್ಯ, ಗೌಡಿಕೆಗಳ ಮಾತು ಬಂದಲ್ಲಿ ದಫ್ತರದ ಮೋಡಿಯ ಕಾಗದಗಳೊಡನೆ ಹೊಂದಿದರೆ ಅದು ಅನುವಾದ. ಇನ್ನುಳಿದದ್ದು, ಎಂದರೆ ನಾಲ್ಕೈದು ತಲೆಗಳ ಹಿಂದೆ ಬರಕ್ಕೆ ಬೆಂದು ಹೊರಟದ್ದು, ಸೋದರಮಾವನ ಊರಿನಲ್ಲಿ ನಿಂತದ್ದು, ತಮ್ಮನೊಬ್ಬನು ಹೊಳೆಯಾಚೆ ಉಳಿದದ್ದು, ಇವು ಭೂತಾರ್ಥವಾದ. ಇವುಗಳಲ್ಲಿ ಹೊಗಳಿಕೆಯ ಲಾಭವಿಲ್ಲ. ತಲೆಬುರುಡೆಗಳ ಬರವೆಂದು ಹೆಸರಾದ 1791-92ರ ಕ್ಷಾಮವೂ 1876-78ರ ಮಹಾಕ್ಷಾಮವೂ ಈ ಸೀಮೆಯನ್ನು ಹಾಳುಗೆಡವಿದುದು ಪ್ರಸಿದ್ಧವಾಗಿದೆ. ಬರದಲ್ಲಿ ಊರು ಬಿಟ್ಟವರ ಹೆಸರು ಮಾತ್ರ ಸರಕಾರದ ವರದಿಗಳಲ್ಲಿಲ್ಲ. ಹೊತ್ತಿಗೆಗಳು ಬೆಲೆಯುಳ್ಳವಾಗುವುದು ಈ ಮೂರನೆಯ ಭಾಗದಿಂದ. ಎರಡು ಪಕ್ಷದವರೂ ಓದದೆ ಬಿಟ್ಟದ್ದು ಇದನ್ನೇ.

ಅರಸುಮನೆತನಗಳೂ ಈ ಸೀಮೆಗೆ ವಲಸೆ ಬಂದವುಗಳೇ. ಕೊಂಕಣದ ಮೂಲದ ಪಟವರ್ಧನರ ಕಾಗದಪತ್ರಗಳನ್ನು ವಾಸುದೇವಶಾಸ್ತ್ರೀ ಖರೆಯವರು ‘ಐತಿಹಾಸಿಕ ಲೇಖಸಂಗ್ರಹ’ದ ಸಂಪುಟಗಳಲ್ಲಿ ಸಂಪಾದಿಸಿ ಮಹೋಪಕಾರ ಮಾಡಿದ್ದಾರೆ. ಮುಧೋಳದ ಘೋರ್ಪಡೆಯವರು ತಮ್ಮ ಕುಲವನ್ನು ಮೇವಾಡದ ಸಿಸೋದಿಯಾ ವಂಶಕ್ಕೆ ಸೇರಿಸಿಕೊಳ್ಳುತ್ತಾರೆ. ಉಡವನ್ನು ಬಿಟ್ಟು ಕೋಟೆಯನ್ನೇರಿದ ಪೂರ್ವಜನಿಂದ ಮನೆಯ ಹೆಸರು ಬಂದಿತೆನ್ನುತ್ತಾರೆ. ಅವರ ಪಾರಸಿ ಫರ್ಮಾನುಗಳನ್ನು ಆಧಾರವಾಗಿಟ್ಟುಕೊಂಡು ದತ್ತೋಪಂತ ಆಪ್ಟೆಯವರು 1934ರಲ್ಲಿ ಮರಾಠಿಯಲ್ಲಿ ಆ ಮನೆತನದ ಇತಿಹಾಸವನ್ನು ಬರೆದರು. ಆ ಫರ್ಮಾನುಗಳ ನಿಜತ್ವದ ಮೇಲೆ ಇತಿಹಾಸಜ್ಞರಲ್ಲಿ ದೊಡ್ಡ ವಾದವೇ ನಡೆಯಿತು. ಕೂಟವೆಂದು ಶಂಕಿಸಿದವರು ಕೂಡ ಅವನ್ನು ಅಕ್ಷರಶಃ ಓದಿಯೇ ಶಂಕಿಸಿದರೆಂಬುದು ಗಮನಾರ್ಹ. ಒಕ್ಕಲಿಗನ ಹೊತ್ತಿಗೆಗೆ ಶಂಕೆಯ ಗೌರವವೂ ದೊರೆತಿಲ್ಲ.

ಅದೇ ಮುಧೋಳದಿಂದ ಸಾವಿರ ವರ್ಷಗಳ ಹಿಂದೆ ಹೊರಗೆ ಹೋದವನೊಬ್ಬನು ತನ್ನ ದಾಖಲೆಯನ್ನು ತಾನೇ ಬರೆದಿಟ್ಟಿದ್ದಾನೆ. ರನ್ನನು 993ರ ‘ಅಜಿತಪುರಾಣ’ದಲ್ಲಿ ಮುದುವೊಳಲನ್ನೂ ತನ್ನ ಬಳೆಗಾರಕುಲವನ್ನೂ ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆಯರನ್ನೂ ಹೇಳಿಕೊಂಡಿರುವನು. ವಿದ್ಯೆಗಾಗಿ ಗಂಗವಾಡಿಗೆ ಹೋಗಿ ಚಾವುಂಡರಾಯನ ಆಶ್ರಯವನ್ನು ಪಡೆದು, ಮುಂದೆ ಚಾಲುಕ್ಯಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದವನಿಗೆ ಸೂರ್ಯವಂಶವನ್ನು ಹೊಂದಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ಅವನು ಬಳೆಗಾರನೆಂದೇ ಹೇಳಿದನು. ಆದುದರಿಂದ ಅವನ ಮಾತು ಉಳಿದ ವಿಷಯಗಳಲ್ಲಿಯೂ ನಂಬತಕ್ಕದ್ದಾಯಿತು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ.

ವಲಸೆಯ ದಾಖಲೆಗಳನ್ನು ಶಾಸ್ತ್ರೀಯವಾಗಿ ಕೂಡಿಸಿದ ಜನರಲ್ಲಿ ಅಮೇರಿಕೆಗೆ ಹೋದ ನಾರ್ವೆಯವರು ಮುಖ್ಯರು. 1825ರಲ್ಲಿ ಸ್ಟಾವಾಂಗರ್ ಬಂದರದಿಂದ ಒಂದು ಸಣ್ಣ ಹಡಗಿನಲ್ಲಿ ಐವತ್ತಕ್ಕೆ ತುಸು ಹೆಚ್ಚಾದ ಜನರು ಹೊರಟರು. ಮುಂದಿನ ನೂರು ವರ್ಷಗಳಲ್ಲಿ ಹೀಗೆ ಹೋದವರು ಎಂಟು ಲಕ್ಷಕ್ಕೂ ಮಿಕ್ಕರು. ಸರಿಯಾಗಿ ನೂರು ವರ್ಷಕ್ಕೆ, 1925ರಲ್ಲಿ, ಅವರ ಸಂತತಿಯವರು ಮಿನ್ನೆಸೋಟದ ಸೇಂಟ್ ಓಲಾಫ್ ಕಾಲೇಜಿನಲ್ಲಿ ಒಂದು ಇತಿಹಾಸ ಸಂಘವನ್ನು ಕಟ್ಟಿದರು. ಕಾದಂಬರಿಕಾರ ರೋಲ್ವಾಗನು ಅದರ ಮೊದಲ ಕಾರ್ಯದರ್ಶಿ. ರೈತರು ತಾಯ್ನಾಡಿಗೆ ಬರೆದ ಕಾಗದಗಳು, ಚರ್ಚಿನ ಪುಸ್ತಕಗಳು, ದಿನಚರಿಗಳು ಸಂಗ್ರಹವಾದುವು. ಥಿಯೊಡೋರ್ ಬ್ಲೆಗನ್ ಎಂಬ ವಿದ್ವಾಂಸನು 1955ರಲ್ಲಿ ಆ ಕಾಗದಗಳನ್ನು ಆಯ್ದು ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಕಾಗುಣಿತ ತಪ್ಪಿದ ರೈತನ ಓಲೆಯೂ ಇತಿಹಾಸಕ್ಕೆ ಸಾಧನವಾಗಬಲ್ಲುದೆಂದು ಅವರು ಅಂಗೀಕರಿಸಿದರು. ಒಂದು ಭೇದವನ್ನು ಮರೆಯಕೂಡದು. ಅಲ್ಲಿ ಬರೆದವನು ಹೋದವನೇ. ಇಲ್ಲಿ ಬರೆದವನು ಕೂಲಿ ಪಡೆಯುವ ಮೂರನೆಯವನು.

ಈ ಕೂಲಿಯಿಂದ ಹೊತ್ತಿಗೆಗಳಿಗೆ ದೋಷವೂ ತಗುಲಿದೆ, ಗುಣವೂ ಬಂದಿದೆ. ಕಾಳು ಕೊಡುವವನ ಮನೆಯ ಅಪಕೀರ್ತಿಯನ್ನು ಹೆಳವನು ಓದಲಾರನು. ಆದರೆ ದಾಯಾದಿಗಳೆಲ್ಲ ನೆರೆದ ಅಂಗಳದಲ್ಲಿ ಇಲ್ಲದ ಹೆಸರನ್ನು ಸೇರಿಸುವುದೂ ಇದ್ದ ಹೆಸರನ್ನು ನುಂಗುವುದೂ ಅವನಿಗೆ ಸುಲಭವಲ್ಲ. ಪಾಲಿನ ವ್ಯಾಜ್ಯವಿದ್ದ ಮನೆಯಲ್ಲಂತೂ ಒಂದೊಂದು ಹೆಸರಿಗೂ ಕಿವಿಗಳು ನಿಮಿರಿರುತ್ತವೆ. ನಿಜವಾದ ಕೊರತೆ ಬೇರೆ. ಹೊತ್ತಿಗೆಗಳ ಸಾಲು ಹೆಚ್ಚಾಗಿ ಗಂಡುಸಂತತಿಯದು. ಕೊಟ್ಟ ಹೆಣ್ಣು, ತಂದ ಹೆಣ್ಣು ಇಬ್ಬರೂ ಅದರಲ್ಲಿ ಮಸುಕಾಗುತ್ತಾರೆ. ಹುಟ್ಟಿದೂರನ್ನು ಬಿಟ್ಟು ಹೋಗುವುದು ಯಾರ ಬಾಳಿನ ನಿಯಮವೋ ಅವರ ವಲಸೆಯೇ ವಲಸೆಯ ದಾಖಲೆಯಲ್ಲಿ ಇಲ್ಲ. ಬಳೆಗಾರರ ಮಗನು ತಾಯಿಯ ಹೆಸರನ್ನು ಬರೆದನು, ಮಗಳು ಅತ್ತಿಮಬ್ಬೆಯ ಹೆಸರನ್ನೂ ಬರೆದನು.

ಇನ್ನೊಂದು ಮಿತಿಯುಂಟು. ಹೆಳವರು ಲಿಂಗಾಯತ, ರೆಡ್ಡಿ, ಕುರುಬ ಮೊದಲಾದ ಒಕ್ಕಲುಗಳವರು, ಎಲ್ಲ ಜಾತಿಗಳವರಲ್ಲ. ತೆಲುಗುನಾಡಿನ ಮೂಲದ ಪದ್ಮಸಾಲಿಗಳಿಗೆ ಆ ನಾಡಿನಲ್ಲಿ ಕೂನಪುಲಿಯವರೆಂಬ ಬೇರೆ ಕಥೆಗಾರರಿದ್ದಾರೆ. ರಬಕವಿ ಬನಹಟ್ಟಿಗಳ ನೇಕಾರರ ಆಗಮನವನ್ನು ಹೆಳವರೊಬ್ಬರಿಂದಲೇ ತಿಳಿಯಹೊರಟರೆ ಚಿತ್ರವು ಅರ್ಧವಾಗುವುದು.

ಇವನ್ನು ಸಂಪಾದಿಸುವ ಕಾರ್ಯಕ್ಕೆ ಕಾಲವು ಹೆಚ್ಚು ಉಳಿದಿಲ್ಲ. ಹೆಳವರ ಮಕ್ಕಳು ಓದಿ ಬೇರೆ ಉದ್ಯೋಗಗಳನ್ನು ಹಿಡಿಯುತ್ತಿರುವರು. ಅದು ಸಂತೋಷದ ವಿಷಯವೇ. ಓದುವ ಬಾಯಿ ಇಲ್ಲವಾದರೆ ಹೊತ್ತಿಗೆಯು ಸೂತ್ರವಿದ್ದು ಭಾಷ್ಯವಿಲ್ಲದಂತಾಗುವುದು. ಅದರಲ್ಲಿ ಒಂದು ಸಾಲಿನಲ್ಲಿರುವುದನ್ನು ಹೆಳವನು ಗಳಿಗೆಯ ಹೊತ್ತು ಹೇಳುತ್ತಾನೆ. ಪುಟಗಳ ಛಾಯಾಚಿತ್ರಗಳನ್ನು ತೆಗೆದಿಟ್ಟ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಬರೆಹವನ್ನು ಮೂಲವಾಗಿಯೂ ಹೇಳಿಕೆಯನ್ನು ವ್ಯಾಖ್ಯಾನವಾಗಿಯೂ ಎರಡನ್ನು ಬೆರೆಸದೆ ಅಚ್ಚು ಹಾಕಿಸಬೇಕು. ಬಿಟ್ಟ ಹೆಣ್ಣುಮಕ್ಕಳ ಹೆಸರುಗಳನ್ನು ಮನೆಯ ಮುದುಕಿಯರಿಂದ ಕೇಳಿ ಬೇರೆ ಅಂಕಣದಲ್ಲಿ ಕೊಡಬೇಕು.

ಬೀಳಗಿಯ ಕಡೆಯ ಹೊತ್ತಿಗೆಗಳನ್ನು ಮೊದಲು ಕೈಗೆತ್ತಿಕೊಳ್ಳುವುದು ಯುಕ್ತ. 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿಯ ಆಣೆಕಟ್ಟಿನ ಹಿನ್ನೀರಿನಲ್ಲಿ ಆ ತಾಲೂಕಿನ ಅನೇಕ ಹಳ್ಳಿಗಳು ಮುಳುಗಿದುವು. ಜನರು ಪುನರ್ವಸತಿ ಕೇಂದ್ರಗಳಿಗೆ ಹೋದರು. ಹೊತ್ತಿಗೆಯಲ್ಲಿ ‘ನೆಲೆನಿಂತ ಊರು’ ಎಂದು ಬರೆದಿದ್ದ ಹೆಸರಿಗೆ ಈಗ ನೆಲವಿಲ್ಲ. ಹೊಸ ಸಾಲನ್ನು ಬರೆಯುವ ಹೆಳವನು ಆ ಊರನ್ನು ಮೂಲಸ್ಥಳವೆಂದು ಮೇಲಕ್ಕೆ ಏರಿಸುವನೋ, ನಡುವೆ ತಂಗಿದ ಊರುಗಳ ಪಂಕ್ತಿಗೆ ಇಳಿಸುವನೋ ಎಂಬುದನ್ನು ಬರೆಯುವ ಕೈ ಇರುವಾಗಲೇ ನೋಡಿ ಗುರುತಿಸತಕ್ಕದ್ದು.