ಸೀರಿಯಲ್ ಆಗಬೇಕಿದ್ದ ಸಿನಿಮಾ

'ಮೊವಾನಾ 2' ನೋಡಿ ವಿಮರ್ಶಕರು ಮೂಗು ಮುರಿದರು, ಜನ ಮುಗಿಬಿದ್ದರು. 2024ರ ನವೆಂಬರ್ ಕೊನೆಗೆ ಬಂದ ಚಿತ್ರ ನೂರು ಕೋಟಿ ಡಾಲರ್ ದಾಟಿತು. 2016ರ ಮೊದಲ ಚಿತ್ರ ಗಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಹಾಗಂತ ಜನಕ್ಕೆ ಟೇಸ್ಟ್ ಇಲ್ಲ ಅಂದುಬಿಡೋಕೆ ನಾನು ತಯಾರಿಲ್ಲ.

ಮೊದಲ ಚಿತ್ರ ಥಿಯೇಟರಿನಿಂದ ಇಳಿದ ಮೇಲೂ ಮನೆಗಳಲ್ಲಿ ಓಡುತ್ತಲೇ ಇತ್ತು. 2023ರಲ್ಲಿ ಅಮೆರಿಕದವರು ಸ್ಟ್ರೀಮಿಂಗ್‌ನಲ್ಲಿ ಅತಿ ಹೆಚ್ಚು ಹೊತ್ತು ನೋಡಿದ ಸಿನಿಮಾ ಅದೇ, ಏಳು ವರ್ಷ ಹಳೆಯದು! ಪುಟ್ಟ ಮಕ್ಕಳಿರೋ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ತಟ್ಟೆ ಮುಂದೆ ದಿನಾ ಅದೇ ಹಾಡು, ಅದೇ ಪೆದ್ದ ಕೋಳಿ. ಆ ಮಕ್ಕಳು ಥಿಯೇಟರಿಗೆ ಹೋಗಿದ್ದು ನೆಂಟರನ್ನು ನೋಡೋಕೆ. ನೆಂಟರ ಮನೆ ಅಡುಗೆಗೆ ಯಾರಾದರೂ ಮಾರ್ಕ್ಸ್ ಕೊಡ್ತಾರಾ?

ನನಗಂತೂ ಹೊಟ್ಟೆ ತುಂಬಲಿಲ್ಲ. ಡಿಸ್ನಿಯವರು ಇದನ್ನು ಶುರುಮಾಡಿದ್ದು ಡಿಸ್ನಿ ಪ್ಲಸ್‌ಗೆ ಸರಣಿಯಾಗಿ. ಬಿಡುಗಡೆಗೆ ಒಂಬತ್ತು ತಿಂಗಳಿರುವಾಗ ಸಿನಿಮಾ ಅಂತ ಘೋಷಿಸಿದರು. ಹೊಲಿಗೆ ಎದ್ದು ಕಾಣುತ್ತೆ. ದೋಣಿಗೆ ಮೂವರು ಹೊಸಬರು ಹತ್ತುತ್ತಾರೆ: ದೋಣಿ ಕಟ್ಟುವ ಲೋಟೊ, ಮಾವಿಯ ಅಭಿಮಾನಿ ಮೋನಿ, ಗೊಣಗುವ ಮುದುಕ ರೈತ ಕೆಲೆ. ಒಬ್ಬೊಬ್ಬರಿಗೂ ಒಂದೊಂದು ಎಪಿಸೋಡ್ ಬೇಕಿತ್ತೇನೋ, ಸಿಕ್ಕಿದ್ದು ಒಂದೊಂದು ಜೋಕು. ಬಾವಲಿಗಳ ಒಡತಿ ಮಟಾಂಗಿ ಬಂದು, ದಾರಿ ತಪ್ಪಿಸಿಕೊಳ್ಳೋದನ್ನು ಕಲಿ ಅಂತ ಸೊಗಸಾಗಿ ಹಾಡಿ, ಮಾಯವಾಗುತ್ತಾಳೆ. ನನಗೆ ಕುತೂಹಲ ಹುಟ್ಟಿಸಿದ್ದು ಅವಳೊಬ್ಬಳೇ.

ಮೊದಲ ಚಿತ್ರದ ಕೊನೆ ನೆನಪಿದೆಯಲ್ಲ? ಬೆಂಕಿಯ ರಾಕ್ಷಸಿ ಟೆ ಕಾ ನುಗ್ಗಿ ಬರುವಾಗ ಹುಡುಗಿ ಓಡಲ್ಲ, ಹೊಡೆಯಲ್ಲ, ಸುಮ್ಮನೆ ಎದುರಿಗೆ ನಡೆದು ಹೋಗುತ್ತಾಳೆ. ಅದು ಹೃದಯ ಕಳಕೊಂಡ ಟೆ ಫಿಟಿ ಅಂತ ಅವಳಿಗೆ ಗೊತ್ತಾಗಿರುತ್ತೆ. ಐದು ವರ್ಷದ ಮಗುವಿಗೂ ಅರ್ಥವಾಗುವ, ನಲವತ್ತರವರ ಕಣ್ಣನ್ನೂ ಒದ್ದೆ ಮಾಡುವ ಜಾಗ ಅದು. ಇಲ್ಲಿ ಎದುರಾಳಿ ನಾಲೋ, ಕಡಲ ಜನ ಒಂದಾಗಬಾರದು ಅಂತ ಮೋಟುಫೆಟು ದ್ವೀಪವನ್ನೇ ಮುಳುಗಿಸಿದ ದೇವರು. ಎಂಥಾ ವಸ್ತು! ಆದರೆ ಕತೆಯುದ್ದಕ್ಕೂ ಅವನು ಬರೀ ಗುಡುಗು, ಮಿಂಚು. ಮುಖ ತೋರಿಸೋದು ಹೆಸರುಪಟ್ಟಿ ಓಡುವಾಗ, ಮುಂದಿನ ಭಾಗಕ್ಕೆ ಅಡ್ವಾನ್ಸ್ ಕೇಳೋ ಹಾಗೆ. ಮುಖವಿಲ್ಲದವನ ಹತ್ತಿರ ಹುಡುಗಿ ನಡೆದು ಹೋಗೋದಾದರೂ ಹೇಗೆ?

ಲಿನ್-ಮ್ಯಾನುಯೆಲ್ ಮಿರಾಂಡಾ ಹಾಡು ಬರೆದಿಲ್ಲ ಅನ್ನೋ ದೂರು ಬೇರೆ ಇದೆ. ಇರಲಿ, ಕತೆ ಗಟ್ಟಿಯಿದ್ದಿದ್ದರೆ ಹಾಡು ಹೇಗೋ ನಡೆಯುತ್ತಿತ್ತು.

ಒಂದು ದೃಶ್ಯ ಮಾತ್ರ ಪೂರ್ತಿ ಗೆದ್ದಿದೆ: ತಿರುಗಿ ಬರುವ ಖಾತ್ರಿಯಿಲ್ಲದ ಪ್ರಯಾಣಕ್ಕೆ ಹೊರಟ ಮೊವಾನಾ, ಪುಟ್ಟ ತಂಗಿ ಸಿಮೆಯಾಗೆ ಅದನ್ನು ಹೇಳಬೇಕು. ನಾನು ನೋಡಿದ ಶೋನಲ್ಲಿ ಪಾಪ್‌ಕಾರ್ನ್ ಸದ್ದು ನಿಂತಿದ್ದು ಅಲ್ಲೊಂದೇ ಕಡೆ.