ಎಂಟು ಡಾಲರ್ ಕಥೆಗಳೂ ಅಳ್ನಾವರ ಜಂಕ್ಷನ್ನೂ

ಮಕ್ಕಳಿಗಾಗಿ ಬರೆಯುವ ಜೀವನಚರಿತ್ರೆಗಳಲ್ಲಿ ಈಗೊಂದು ಅಚ್ಚು ಸಿದ್ಧವಾಗಿದೆ. ಮೊದಲ ಪುಟದಲ್ಲಿ ಸಣ್ಣ ಊರು, ಕಂದೀಲಿನ ಬೆಳಕು, ಗಣಿತದಲ್ಲಿ ನೂರಕ್ಕೆ ನೂರು. ಹತ್ತನೇ ಪುಟದಲ್ಲಿ ವಿಮಾನ, ಜೇಬಿನಲ್ಲಿ ಎಂಟು ಡಾಲರ್. ಹದಿನೈದನೇ ಪುಟದಲ್ಲಿ ಒಂದು ಗ್ಯಾರೇಜು. ಕೊನೇ ಪುಟದಲ್ಲಿ ನಗುತ್ತಿರುವ ಫೋಟೊ, ಕೆಳಗೆ ಎಷ್ಟು ಸೊನ್ನೆ ಅಂತ ಎಣಿಸೋಕೂ ಆಗದ ಒಂದು ಮೊತ್ತ. ಹೆಸರು ಬದಲಾಯಿಸಿದರೆ ಸಾಕು, ಇನ್ನೊಂದು ಪುಸ್ತಕ ರೆಡಿ. ಇವನ್ನ ಕೊಳ್ಳುವವರು ಯಾರು ಅಂದ್ರೆ ನಾವೇ. ಬೆಂಗಳೂರಲ್ಲಿ ಐಟಿ ಕೆಲಸ ಮಾಡ್ಕೊಂಡು, ವರ್ಷಕ್ಕೆರಡು ಸಲ ಊರಿಗೆ ಹೋಗುವಾಗ ಅಕ್ಕನ ಮಕ್ಕಳಿಗೆ, ಅಣ್ಣನ ಮಕ್ಕಳಿಗೆ ಒಯ್ದು ಕೊಡೋ ಜನ. ಹಾಗಾಗಿ ಈ ಪುಸ್ತಕಗಳು ಹೇಗಿವೆ ಅಂತ ಕೇಳಬೇಕಾದವರೂ ನಾವೇ.

ಮಕ್ಕಳಿಗೆ ದೊಡ್ಡವರ ಬದುಕು ಹೇಳೋದು ಕನ್ನಡಕ್ಕೆ ಹೊಸದೇನಲ್ಲ. ಎಲ್.ಎಸ್. ಶೇಷಗಿರಿರಾವ್ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ತಂದ ‘ಭಾರತ-ಭಾರತಿ’ ಮಾಲೆಯ 510 ಪುಟ್ಟ ಪುಸ್ತಕಗಳನ್ನು ನಮ್ಮ ಅಪ್ಪ-ಅಮ್ಮಂದಿರ ತಲೆಮಾರು ಓದಿತ್ತು. ಕಾರ್ಕಳದ ಅನಂತ ಪೈ 1967ರಲ್ಲಿ ಶುರುಮಾಡಿದ ‘ಅಮರ ಚಿತ್ರ ಕಥಾ’ವನ್ನು ನಾವು ಓದಿದೆವು. ಅವುಗಳಲ್ಲಿ ದೋಷ ಇರಲಿಲ್ಲ ಅಂತಲ್ಲ, ಅಲ್ಲಿ ಎಲ್ಲರೂ ತೊಟ್ಟಿಲಲ್ಲೇ ಮಹಾಪುರುಷರು! ಆದರೂ ಆ ಪುಸ್ತಕಗಳು ಹೆಚ್ಚಾಗಿ ಕೇಳುತ್ತಿದ್ದದ್ದು ಈ ಮನುಷ್ಯ ಏನನ್ನು ಬಿಟ್ಟುಕೊಟ್ಟ ಅಂತ. ಹೊಸ ಪುಸ್ತಕಗಳು ಕೇಳೋದು ಎಷ್ಟು ಗಳಿಸಿದ ಅಂತ. ಎಲಾನ್ ಮಸ್ಕ್ ಬಗ್ಗೆ ಆಶ್ಲೀ ವ್ಯಾನ್ಸ್ ಬರೆದ ದಪ್ಪ ಪುಸ್ತಕ 2015ರಲ್ಲಿ ಬಂತು, 2017ರಲ್ಲಿ ಅದರ ಮಕ್ಕಳ ಆವೃತ್ತಿಯೂ ಬಂತು. ನಾಯಕನ ಕಥೆ ಇನ್ನೂ ಅರ್ಧದಲ್ಲೇ ಇತ್ತು, ಮಕ್ಕಳಿಗೆ ಕೊಡೋಕೆ ಆಗಲೇ ತಯಾರಾಗಿತ್ತು.

ದೂರದ ಮಸ್ಕ್ ಬಿಡಿ, ನಮ್ಮ ಕಡೆಯವರನ್ನೇ ತಗೊಳ್ಳೋಣ. ಗುರುರಾಜ ದೇಶಪಾಂಡೆ. ಹಳಿಯಾಳದಲ್ಲಿ ದೇಶಪಾಂಡೆ ಅಂದ್ರೆ ಮೊದಲು ನೆನಪಾಗುವುದು ಆರ್.ವಿ. ದೇಶಪಾಂಡೆ. ಇವರು ಬೇರೆಯವರು, ಅಮೆರಿಕದಲ್ಲಿ ‘ದೇಶ್’ ಅಂತಲೇ ಪರಿಚಿತರು. 1950ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದವರು. 1973ರಲ್ಲಿ ಮದ್ರಾಸ್ ಐಐಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಕೆನಡಾಕ್ಕೆ ಹೋದರು. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಎಂ.ಇ., ಕಿಂಗ್‌ಸ್ಟನ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದರು. ಆಮೇಲೆ ಕೋಡೆಕ್ಸ್ ಕಂಪನಿಯಲ್ಲಿ ನೌಕರಿ, ಅಲ್ಲಿಂದ ಅಮೆರಿಕದ ಮ್ಯಾಸಚೂಸೆಟ್ಸ್. 1990ರಲ್ಲಿ ಕ್ಯಾಸ್ಕೇಡ್ ಕಮ್ಯೂನಿಕೇಷನ್ಸ್ ಕಟ್ಟಿದರು. ಅದನ್ನು 1997ರಲ್ಲಿ ಅಸೆಂಡ್ ಎಂಬ ಕಂಪನಿ ಸುಮಾರು 370 ಕೋಟಿ ಡಾಲರ್‌ಗೆ ಕೊಂಡಿತು. 1998ರಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಶುರುವಾಯಿತು. 1999ರ ಅಕ್ಟೋಬರ್‌ನಲ್ಲಿ 38 ಡಾಲರ್‌ಗೆ ಮಾರಾಟಕ್ಕಿಟ್ಟ ಅದರ ಷೇರು ಮೊದಲ ದಿನದ ಸಂಜೆಗೇ 184 ಡಾಲರ್ ದಾಟಿತ್ತು.

ಅಚ್ಚಿಗೆ ಹೇಳಿ ಮಾಡಿಸಿದ ಬದುಕು, ಅಲ್ವಾ? ಈ ಕಥೆಯನ್ನ ದಾಂಡೇಲಿಯಲ್ಲಿ ಆರನೇ ಕ್ಲಾಸಲ್ಲಿರುವ ನನ್ನ ಅಕ್ಕನ ಮಗನಿಗೆ ಇದೇ ಕ್ರಮದಲ್ಲಿ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. “ಮಾಮಾ, ರೊಕ್ಕಾ ಗಳಿಸಿದ್ದು ಗೊತ್ತಾತು. ಮಾಡಿದ್ದೇನ?”

ಈ ಜಾತಿಯ ಪುಸ್ತಕಗಳ ಬಗ್ಗೆ ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಓದಿಲ್ಲ. ತಂತ್ರಜ್ಞಾನದ ಉದ್ಯಮಿಯ ಕಥೆಯಲ್ಲಿ ತಂತ್ರಜ್ಞಾನವೇ ಇರೋದಿಲ್ಲ. ‘ಇಂಟರ್ನೆಟ್‌ಗೆ ಬೇಕಾದ ಉಪಕರಣ’ ಅಂತ ಒಂದು ಸಾಲು ಬರೆದು ಮುಂದೆ ಹೋಗ್ತಾರೆ. ಮಕ್ಕಳಿಗೆ ಅರ್ಥ ಆಗಲ್ಲ ಅನ್ನೋ ಸಬೂಬು ಬೇರೆ. ಯಾಕಾಗಲ್ಲ? ದಾಂಡೇಲಿಯ ಹುಡುಗನಿಗೆ ಅಳ್ನಾವರ ಜಂಕ್ಷನ್ ಗೊತ್ತು. ಲೋಂಡಾ, ಧಾರವಾಡ, ದಾಂಡೇಲಿ ಮೂರೂ ಕಡೆಯ ಹಳಿ ಅಲ್ಲಿ ಸೇರುತ್ತವೆ. ಒಂದೊಂದು ಮೂಟೆಗೂ ಹುಬ್ಬಳ್ಳಿಗೆ ಅಂತ ಬೇರೆ ಹಳಿ ಹಾಕ್ತಾರಾ? ಇಲ್ಲ. ಎಲ್ಲರ ಸಾಮಾನೂ ಒಂದೇ ಹಳಿಯ ಮೇಲೆ ಬರುತ್ತದೆ, ಜಂಕ್ಷನ್ನಿನಲ್ಲಿ ಚೀಟಿ ನೋಡಿ ಆಯಾ ದಾರಿಗೆ ತಿರುಗಿಸ್ತಾರೆ. ಕ್ಯಾಸ್ಕೇಡ್ ಮಾಡಿದ ಸ್ವಿಚ್‌ಗಳ ಕೆಲಸ ಹೆಚ್ಚುಕಡಿಮೆ ಅದೇ. ಬೇರೆ ಬೇರೆ ಕಂಪನಿಗಳ ಮಾಹಿತಿಯನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿ, ಚೀಟಿ ಅಂಟಿಸಿ, ಒಂದೇ ತಂತಿಯಲ್ಲಿ ಕಳಿಸೋದು. ಪ್ರತಿಯೊಬ್ಬ ಗಿರಾಕಿಗೂ ಪ್ರತ್ಯೇಕ ತಂತಿ ಬೇಡವಾದ್ದರಿಂದ ಖರ್ಚು ಇಳೀತು. ಸಿಕಮೋರ್ ಕೈ ಹಾಕಿದ್ದು ಬೆಳಕಿನ ಜಾಲಕ್ಕೆ. ಕೂದಲಿನಷ್ಟು ತೆಳ್ಳಗಿನ ಒಂದು ಗಾಜಿನ ಎಳೆಯಲ್ಲಿ ಹಲವು ಬಣ್ಣದ ಬೆಳಕನ್ನು ಒಟ್ಟಿಗೇ ಕಳಿಸಬಹುದು. ಒಂದೇ ಹಳಿಯ ಮೇಲೆ ಹತ್ತಾರು ರೈಲು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಓಡಿದ ಹಾಗೆ. ಯಾವ ಬೆಳಕು ಯಾವ ದಾರಿ ಹಿಡಿಯಬೇಕು ಅಂತ ನೋಡಿಕೊಳ್ಳುವ ಯಂತ್ರ, ತಂತ್ರಾಂಶ ಸಿಕಮೋರ್‌ದು. ಇಷ್ಟು ಹೇಳೋಕೆ ಎರಡು ಪುಟ, ಒಂದು ಚಿತ್ರ ಸಾಕು. ಆ ಎರಡು ಪುಟ ಬಿಟ್ಟರೆ ಮಗುವಿನ ಕೈಗೆ ಸಿಗೋದು ಬರೀ ಮೊತ್ತ. ಮೊತ್ತ ನೋಡಿ ಬೆರಗಾಗಬಹುದು, ಅದರಿಂದ ಕಲಿಯೋದು ಏನೂ ಇಲ್ಲ.

ಎರಡನೇ ಕೊರತೆ, ಕಥೆಯಲ್ಲಿ ಬೇರೆ ಯಾರೂ ಇರಲ್ಲ. ಕ್ಯಾಸ್ಕೇಡ್‌ನಲ್ಲೂ ಸಿಕಮೋರ್‌ನಲ್ಲೂ ಕಂಪನಿ ನಡೆಸಿದ್ದು ಡ್ಯಾನ್ ಸ್ಮಿತ್. ಸಿಕಮೋರ್‌ನ ಮೂಲ ವಿಚಾರ ಎಂಐಟಿಯ ಸಂಶೋಧಕರಿಂದ ಬಂದದ್ದು. ಇದಕ್ಕೂ ಮುಂಚೆ, 1980ರ ದಶಕದ ಕೊನೆಗೆ, ದೇಶಪಾಂಡೆ ಕೋರಲ್ ನೆಟ್‌ವರ್ಕ್ಸ್ ಅಂತ ಒಂದು ಕಂಪನಿ ಕಟ್ಟಿ, ಪಾಲುದಾರರ ಜೊತೆ ಹೊಂದಿಕೆಯಾಗದೆ ಅದರಿಂದ ಹೊರಬಂದಿದ್ದರು. ತಾನೇ ಕಟ್ಟಿದ ಮನೆಯಿಂದ ತಾನೇ ಎದ್ದು ಹೊರಗೆ ನಡೆಯೋದು ಅಂದ್ರೆ ಏನು ಅಂತ ಹನ್ನೊಂದು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕ್ರಿಕೆಟ್ ಟೀಮಲ್ಲಿ ದಿನಾ ನಡೆಯೋದೇ ಅದು. ಅಚ್ಚಿನ ಪುಸ್ತಕದಲ್ಲಿ ಇದಕ್ಕೆ ಸಿಗೋದು ‘ಆರಂಭದ ಅಡೆತಡೆಗಳನ್ನು ಮೆಟ್ಟಿ ನಿಂತು’ ಎಂಬ ಒಂದು ಸಾಲು.

ಕೊನೆಯೂ ಹಾಗೇ ಕತ್ತರಿಸಿ ಹೋಗಿರುತ್ತದೆ. 184 ಡಾಲರ್ ಆದ ದಿನ ಕಥೆ ಮುಗಿಯಲಿಲ್ಲ. 2000ದ ನಂತರ ಟೆಲಿಕಾಂ ಗುಳ್ಳೆ ಒಡೆಯಿತು. ಸಿಕಮೋರ್ ಷೇರು ಕೆಲವೇ ಡಾಲರ್‌ಗೆ ಕುಸಿಯಿತು, ಜನ ಕೆಲಸ ಕಳಕೊಂಡರು. 2013ರಲ್ಲಿ ಷೇರುದಾರರ ಒಪ್ಪಿಗೆಯ ಮೇಲೆ ಕಂಪನಿಯನ್ನೇ ಮುಚ್ಚಲು ತೀರ್ಮಾನವಾಯಿತು. ಇದರಿಂದ ದೇಶಪಾಂಡೆ ಸಣ್ಣವರಾಗ್ತಾರಾ? ನನಗಂತೂ ಹಾಗನ್ನಿಸಲ್ಲ. ಗೆದ್ದದ್ದರಲ್ಲಿ ಅವರ ಬುದ್ಧಿ ಎಷ್ಟು, ಕಾಲದ ಪಾಲೆಷ್ಟು ಅಂತ ಮಗು ಯೋಚಿಸಲು ಶುರು ಮಾಡೋದೇ ಅಲ್ಲಿಂದ. ಲೇಆಫ್ ಪತ್ರ ಹೇಗಿರುತ್ತೆ ಅಂತ ಗೊತ್ತಿರುವ ನಾವು ಇದನ್ನ ಮಕ್ಕಳಿಂದ ಮುಚ್ಚಿಡೋದು ವಿಚಿತ್ರ.

ಮನೆಯವರ ವಿಷಯ ಇನ್ನೂ ಬಡಕಲು. ಪತ್ನಿ ಜಯಶ್ರೀ ಇಂಥ ಕಥೆಯಲ್ಲಿ ‘ಬೆನ್ನೆಲುಬಾಗಿ ನಿಂತ’ ಒಂದು ವಾಕ್ಯ ಅಷ್ಟೇ. 2002ರಲ್ಲಿ ಎಂಐಟಿಯಲ್ಲಿ ದೇಶಪಾಂಡೆ ಕೇಂದ್ರ ಶುರುವಾದದ್ದು ಇಬ್ಬರೂ ಸೇರಿ ಕೊಟ್ಟ ದೇಣಿಗೆಯಿಂದ. ಜಯಶ್ರೀ ಅವರು ಸುಧಾ ಮೂರ್ತಿಯವರ ತಂಗಿ. ಅಜ್ಜಿಗೆ ಓದು ಕಲಿಸಿದ ಒಂದು ಸಣ್ಣ ಘಟನೆಯಿಂದಲೇ ಮಕ್ಕಳ ಮನಸ್ಸಲ್ಲಿ ನಿಲ್ಲುವ ಕಥೆ ಮಾಡಬಹುದು ಅಂತ ಸುಧಾ ಮೂರ್ತಿ ತೋರಿಸಿದ್ದಾರೆ. ಆ ಕಥೆಯಲ್ಲಿ ಒಂದು ಡಾಲರೂ ಇಲ್ಲ.

ಇನ್ನು ‘ವಲಸೆ’. ಇಲ್ಲಿಯೇ ನನ್ನ ದೊಡ್ಡ ತಕರಾರು ಇರೋದು. ಈ ಪುಸ್ತಕಗಳಲ್ಲಿ ವಲಸಿಗ ಅಂದ್ರೆ ಧೈರ್ಯ ಮಾಡಿ ಹೊರಟವನು. ಹೊರಟರೆ ಸಾಕು, ಗೆಲುವು ಗ್ಯಾರಂಟಿ. ಬಾಗಿಲು ಯಾರು ತೆರೆದರು ಅನ್ನೋ ಮಾತೇ ಇಲ್ಲ. ಮದ್ರಾಸ್ ಐಐಟಿ ಪಶ್ಚಿಮ ಜರ್ಮನಿಯ ನೆರವಿನಿಂದ 1959ರಲ್ಲಿ ಶುರುವಾದದ್ದು, ನಡೆದದ್ದು ನಮ್ಮ ತೆರಿಗೆ ಹಣದಲ್ಲಿ. ಕೆನಡಾ 1967ರಲ್ಲಿ ಹುಟ್ಟಿದ ದೇಶ ನೋಡದೆ ಓದು, ಕೆಲಸ, ಭಾಷೆಗೆ ಅಂಕ ಕೊಟ್ಟು ಜನರನ್ನು ಒಳಗೆ ಬಿಡುವ ಪದ್ಧತಿ ತಂದಿತ್ತು. ದೇಶಪಾಂಡೆ ಆ ದೇಶಕ್ಕೆ ಹೋದದ್ದು ಅದಾಗಿ ಆರು ವರ್ಷಕ್ಕೆ. ತಮಾಷೆ ಅಂದ್ರೆ ಮಸ್ಕ್ ಕೂಡ ಅಮೆರಿಕಕ್ಕೆ ಹೋಗುವ ಮುಂಚೆ ಓದಿದ್ದು ಅದೇ ಕ್ವೀನ್ಸ್‌ನಲ್ಲಿ. ತಾಯಿ ಕೆನಡಾದಲ್ಲಿ ಹುಟ್ಟಿದವರಾದ್ದರಿಂದ ಅವರಿಗೆ ಆ ಬಾಗಿಲು ಸಲೀಸಾಗಿ ತೆರೆಯಿತು. ಪ್ರತಿಭೆ ಇರಲಿಲ್ಲ ಅಂತ ಯಾರೂ ಹೇಳ್ತಿಲ್ಲ. ಬಾಗಿಲೂ ಇತ್ತು, ಅಷ್ಟೇ.

ಇದನ್ನ ಬೇರೆ ಊರಿನ ಮಕ್ಕಳಿಂದ ಮುಚ್ಚಿಡಬಹುದೇನೋ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಮಕ್ಕಳಿಂದ ಮುಚ್ಚಿಡೋಕಾಗಲ್ಲ. ಅವರ ಸುತ್ತ ಇರುವವರೆಲ್ಲ ಎಲ್ಲಿಂದಲೋ ಬಂದವರೇ. ಟಿಬೆಟ್ ಬಿಟ್ಟು ಬಂದವರಿಗಾಗಿ 1966ರಲ್ಲಿ ಮುಂಡಗೋಡದಲ್ಲಿ ಕ್ಯಾಂಪ್ ಶುರುವಾಯಿತು. ಸರ್ಕಾರ ಕೊಟ್ಟ ಕಾಡುಭೂಮಿಯಲ್ಲಿ ಅವರು ಗೋವಿನಜೋಳ ಬೆಳೆದರು, ಮಠ ಕಟ್ಟಿದರು, ಚಳಿಗಾಲ ಬಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಅದೂ ಉದ್ಯಮವೇ. ಹಳಿಯಾಳದ ಸಿದ್ದಿಗಳ ಪೂರ್ವಜರನ್ನು ಆಫ್ರಿಕಾದಿಂದ ಗೋವೆಗೆ ಪೋರ್ಚುಗೀಸರು ಗುಲಾಮರಾಗಿ ತಂದರು, ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಕರ್ನಾಟಕದ ಈ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ಮುಳುಗಿತು. ಅಲ್ಲಿಯ ಜನ ರಾಮನಗರಕ್ಕೆ ಬಂದರು, ತಾಲ್ಲೂಕಿನ ಕೇಂದ್ರ ಜೋಯಿಡಾ ಆಯಿತು. ದೇಶ ದಾಟದೆ, ತಾಲ್ಲೂಕೂ ದಾಟದೆ ವಲಸಿಗರಾದವರು ಇವರು. ಕಾಳಿಯ ವಿದ್ಯುತ್ತು ನಮ್ಮ ಲ್ಯಾಪ್‌ಟಾಪ್‌ಗಳಿಗೂ ಬರುತ್ತದೆ. ದಾಂಡೇಲಿಯೋ, ಕಾಗದದ ಕಾರ್ಖಾನೆಗೆ ಕೆಲಸ ಹುಡುಕಿ ಬಂದವರು ಬೆಳೆಸಿದ ಊರು. ಈ ಪುಸ್ತಕಗಳ ಕಾಗದವೂ ಅಲ್ಲಿಯದೇ ಇರಬಹುದು.

ಇಂಥ ಕಡೆ ಬೆಳೆಯುವ ಮಗುವಿಗೆ ‘ಹೊರಟವನು ಗೆದ್ದ’ ಅಂತ ಮಾತ್ರ ಹೇಳಿದರೆ ಅದರ ಇನ್ನೊಂದು ಅರ್ಧ ತಾನಾಗಿಯೇ ಕೇಳಿಸುತ್ತದೆ. ಉಳಿದವನು ಸೋತ. ಅಪ್ಪ ಸೋತ, ಅಜ್ಜಿ ಸೋತಳು. ಪಕ್ಕದ ಬೆಂಚಿನ ಸಿದ್ದಿ ಹುಡುಗಿಯ ಮನೆಯವರು ಅಷ್ಟು ದೂರದಿಂದ ಬಂದೂ ಸೋತರು, ಯಾಕಂದ್ರೆ ಅವರಿಗೆ ಧೈರ್ಯ ಸಾಲಲಿಲ್ಲ! ನಾವು ಪ್ರೀತಿಯಿಂದ ಕೊಟ್ಟ ಪುಸ್ತಕ ಕಲಿಸೋ ಪಾಠ ಇದಾದರೆ, ಚಾಕೊಲೇಟ್ ಕೊಟ್ಟು ಸುಮ್ನಾಗೋದು ವಾಸಿ.

ಮಕ್ಕಳಿಗೆ ಸ್ಫೂರ್ತಿ ಬೇಕು, ಇಷ್ಟೆಲ್ಲ ತಲೆನೋವು ಯಾಕೆ ಅಂತೀರಾ? ಬೇಕು, ಒಪ್ಪುತ್ತೇನೆ. ಹುಬ್ಬಳ್ಳಿಯಿಂದ ಹೋದ ಒಬ್ಬರು ಜಗತ್ತಿನ ಮಾಹಿತಿ ಓಡಾಡುವ ದಾರಿಗಳನ್ನೇ ಬದಲಿಸಿದ್ದು ದೊಡ್ಡ ಸಂಗತಿ. ಮುಂಡಗೋಡದ ಹುಡುಗಿ ಅದನ್ನ ಓದಿ ‘ನಾನೂ ಮಾಡ್ತೀನಿ’ ಅನ್ನಲಿ. ಮಾಡೋಕೆ ಏನು ಬೇಕು ಅಂತಲೂ ಅವಳಿಗೆ ಗೊತ್ತಾಗಲಿ. ವಿಷಯ ಗೊತ್ತಿರಬೇಕು, ಜೊತೆಗಾರರು ಬೇಕು, ಯಾರೋ ಖರ್ಚು ಮಾಡಿ ಕಟ್ಟಿದ ಕಾಲೇಜು ಬೇಕು, ಒಳಗೆ ಬಿಡುವ ಕಾನೂನು ಬೇಕು. ಒಂದಿಷ್ಟು ಅದೃಷ್ಟವೂ ಬೇಕು. ಇವುಗಳಲ್ಲಿ ಕೆಲವನ್ನು ಅವಳೇ ಸಂಪಾದಿಸಬಹುದು. ಉಳಿದದ್ದನ್ನು ಕೊಡಬೇಕಾದವರು ನಾವು.

ದೇಶಪಾಂಡೆಯವರ ಪ್ರತಿಷ್ಠಾನ ಈಗ ಹುಬ್ಬಳ್ಳಿಯಲ್ಲಿ ಯುವಕರಿಗೆ ಕೌಶಲ ತರಬೇತಿ, ಸ್ಟಾರ್ಟಪ್‌ಗಳಿಗೆ ಜಾಗ, ರೈತರ ಹೊಲದಲ್ಲಿ ಕೃಷಿ ಹೊಂಡ ಅಂತ ಕೆಲಸ ಮಾಡುತ್ತಿದೆ. ಮಕ್ಕಳ ಪುಸ್ತಕದಲ್ಲಿ ಇದು ‘ಹುಟ್ಟೂರನ್ನು ಮರೆಯದ ಧೀಮಂತ’ ಅನ್ನೋ ಕೊನೆಯ ಪ್ಯಾರಾ ಆಗಿ ಮುಗಿದುಹೋಗುತ್ತದೆ. ನಾನು ಬರೆಯೋದಾದರೆ ಅಲ್ಲಿಂದಲೇ ಶುರು ಮಾಡ್ತಿದ್ದೆ. ಹೊಂಡ ಎಷ್ಟು ಆಳ, ಮಳೆಯ ಎಷ್ಟು ನೀರು ನಿಲ್ಲುತ್ತೆ, ತೋಡಿದವರು ಯಾರು, ಅದರಿಂದ ಎರಡನೇ ಬೆಳೆ ಬಂತಾ ಇಲ್ವಾ? ಅಕ್ಕನ ಮಗ ಸೈಕಲ್ ತಗೊಂಡು ಹೋಗಿ ಯಾವುದಾದರೂ ಒಂದು ಹೊಂಡ ನೋಡಿ, ಪುಸ್ತಕದಲ್ಲಿ ಬರೆದದ್ದು ನಿಜವಾ ಸುಳ್ಳಾ ಅಂತ ಹೇಳುವಂತಿರಬೇಕು.